ಶಿಕ್ಷೆ ಮುಗಿದ ಮೇಲೂ ಮುಗಿಯದ ಬಂಧನ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಮಹಿಳಾ ಕಾರ್ಯಕರ್ತೆಯರು ಮಧುಗಿರಿಯಲ್ಲಿ ಸೇರಿದ್ದ ಸಭೆಯಲ್ಲಿ ವಕೀಲೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ ಸಾವು, ಗಂಡನ ಮನೆಯ ಹೊಡೆತ, ಜೀವನಾಂಶ, ಇವುಗಳ ಬಗ್ಗೆ ಬೆಳಗಿನಿಂದ ಮಾತಾಡಿದ್ದೇವೆ. ಈಗ ನಾನು ಹೇಳಹೊರಟಿರುವುದು ವೀಸಾ ಇಲ್ಲ, ಪಾಸ್‌ಪೋರ್ಟ್ ಇಲ್ಲ ಎಂಬ ಕಾರಣಕ್ಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂಡಿಹಾಕಿಸಿಕೊಂಡವರ ವಿಚಾರ. "ನಮಗೂ ಅದಕ್ಕೂ ಏನಮ್ಮ ಸಂಬಂಧ?" ಎಂದು ಕೊರಟಗೆರೆ ಕಡೆಯ ಅಕ್ಕ ಒಬ್ಬರು ಊಟದ ಹೊತ್ತಿನಲ್ಲಿ ಕೇಳಿದರು. ಕೇಳಲೇಬೇಕಾದ ಪ್ರಶ್ನೆ.

ಮೊದಲನೆಯದಾಗಿ, ಇದು ದೂರದ ಊರಿನ ಮಾತಲ್ಲ. ಮಧುಗಿರಿಯಿಂದ ಕೊರಟಗೆರೆ, ದಾಬಸ್‌ಪೇಟೆ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸು ನೆಲಮಂಗಲ ದಾಟಿ ಹೋಗುತ್ತದೆ. ಆ ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡವೊಂದಿತ್ತು. ಬಡವರ ಮಕ್ಕಳು ಓದಲಿ ಎಂದು ಕಟ್ಟಿಸಿದ್ದು. ಅದಕ್ಕೆ ಎತ್ತರದ ಕಾಂಪೌಂಡು, ಮುಳ್ಳುತಂತಿ, ಕಾವಲು ಗೋಪುರ ಸೇರಿಸಿ 2020ರ ಹೊತ್ತಿಗೆ ವಿದೇಶೀಯರ ಬಂಧನ ಕೇಂದ್ರ ಮಾಡಲಾಯಿತು. ಎರಡನೆಯದಾಗಿ, ಪಾವಗಡದವರಿಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರದ ನೆಲ. ಅನಂತಪುರ, ಕಡಪ ಸೀಮೆಯ ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಕುವೈತಿಗೆ ಹೋಗುವುದು ಬಹಳ ವರ್ಷಗಳಿಂದ ನಡೆದಿದೆ. ಅಲ್ಲಿ ಅವರು ಪರದೇಶದವರು. ಇಲ್ಲಿ ನಾವು ಯಾರನ್ನು ಕೂಡಿಹಾಕುತ್ತೇವೋ ಅಲ್ಲಿ ನಮ್ಮವರೇ ಅವರಾಗಿರುತ್ತಾರೆ.

ಈ ಬಂಧನ ಜೈಲಿಗಿಂತ ಬೇರೆ. ಜೈಲಿಗೆ ಹೋದವಳಿಗೆ ತನ್ನ ಶಿಕ್ಷೆ ಎಷ್ಟು ವರ್ಷ ಎಂದು ಗೊತ್ತಿರುತ್ತದೆ. ಗೋಡೆಯ ಮೇಲೆ ಗೀಟು ಹಾಕಿ ಎಣಿಸಬಹುದು. ಬಂಧನ ಕೇಂದ್ರದಲ್ಲಿರುವವಳಿಗೆ ಎಣಿಸಲು ಲೆಕ್ಕವೇ ಇಲ್ಲ. ಕಾಗದಪತ್ರ ಇಲ್ಲದೆ ಬಂದಳು ಎಂದು ಕೇಸು ಆಗುತ್ತದೆ, ಶಿಕ್ಷೆಯಾಗುತ್ತದೆ, ಶಿಕ್ಷೆ ಮುಗಿಯುತ್ತದೆ. ಆದರೆ ಹೊರಗೆ ಬಿಡುವಂತಿಲ್ಲ, ಅವಳ ದೇಶಕ್ಕೆ ಕಳಿಸಬೇಕು. ಕಳಿಸಬೇಕಾದರೆ ಇವಳು ನಮ್ಮವಳೇ ಎಂದು ಆ ದೇಶ ಒಪ್ಪಬೇಕು. ಅವಳು ಹೇಳಿದ ಊರು, ತಂದೆಯ ಹೆಸರು ದೆಹಲಿಗೆ ಹೋಗಿ, ಅಲ್ಲಿಂದ ಆ ದೇಶದ ರಾಯಭಾರ ಕಚೇರಿಗೆ ಹೋಗಿ, ಅವರ ಪೊಲೀಸರು ವಿಚಾರಿಸಿ, ಉತ್ತರ ಬರಬೇಕು. ಉತ್ತರ ಬರದಿದ್ದರೆ? ಅಥವಾ ಇಂಥವಳು ನಮ್ಮ ಊರಿನಲ್ಲಿಲ್ಲ ಎಂದು ಬಂದರೆ? ಅವಳು ಅಲ್ಲೇ ಇರುತ್ತಾಳೆ. ಯಾವ ನ್ಯಾಯಾಧೀಶರೂ ಅವಳಿಗೆ ಆ ವರ್ಷಗಳನ್ನು ವಿಧಿಸಿರುವುದಿಲ್ಲ. ಒಂದು ಕಡತ ಒಂದು ಮೇಜಿನ ಮೇಲೆ ಕೂತಿದೆ, ಅಷ್ಟೇ ಕಾರಣ.

ಕಾನೂನು ಇಂಥವರ ಕೈಗೆ ಏನು ಕೊಟ್ಟಿದೆ? ಮೊದಲು ಏನು ಕೊಟ್ಟಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ, ಸುಳ್ಳು ಭರವಸೆ ಬೇಡ. ವಿದೇಶೀಯರಿಗೆ ಈ ದೇಶದಲ್ಲಿ ಉಳಿಯುವ ಹಕ್ಕಿಲ್ಲ. ಹೊರಗೆ ಕಳಿಸುವ ಅಧಿಕಾರ ಸರ್ಕಾರಕ್ಕೆ ಪೂರ್ತಿಯಾಗಿದೆ ಎಂದು 1955ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. 1946ರ ವಿದೇಶೀಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದುಹಾಕಿ 2025ರಲ್ಲಿ ವಲಸೆ ಮತ್ತು ವಿದೇಶೀಯರ ಕಾಯ್ದೆ ಬಂತು, ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಪಾಸ್‌ಪೋರ್ಟು, ವೀಸಾ ಇಲ್ಲದೆ ಒಳಬಂದವರಿಗೆ 5 ವರ್ಷದವರೆಗೆ ಸಜೆ ಅಥವಾ 5 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ವೀಸಾ ಅವಧಿ ಮೀರಿ ಉಳಿದವರಿಗೆ 3 ವರ್ಷ, 3 ಲಕ್ಷದವರೆಗೆ. ಹಳೆಯ ಕಾಯ್ದೆಯಲ್ಲಿದ್ದಂತೆ ಇಲ್ಲೂ, ನಾನು ವಿದೇಶೀಯಳಲ್ಲ ಎಂದು ರುಜುವಾತು ಮಾಡುವ ಹೊಣೆ ಹಿಡಿಸಿಕೊಂಡವಳ ಮೇಲೆಯೇ ಇದೆ.

ಆದರೆ ಉಳಿಯುವ ಹಕ್ಕು ಬೇರೆ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಬೇರೆ. ನಮ್ಮ ಸಂವಿಧಾನದ 19ನೇ ವಿಧಿ ಪ್ರಜೆಗಳಿಗೆ ಮಾತ್ರ. 14ನೇ ವಿಧಿ, 21ನೇ ವಿಧಿ ಹಾಗಲ್ಲ, ಅಲ್ಲಿರುವ ಮಾತು 'ವ್ಯಕ್ತಿ' ಎಂದು. ಈ ಒಂದು ಪದ ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಒಂದು ಪ್ರಕರಣ ಹೇಳುತ್ತೇನೆ. 1998ರಲ್ಲಿ ಹೌರಾ ರೈಲು ನಿಲ್ದಾಣಕ್ಕೆ ಬಂದಿಳಿದ ಬಾಂಗ್ಲಾದೇಶದ ಹೆಣ್ಣುಮಗಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆರೋಪಿಗಳಲ್ಲಿ ರೈಲ್ವೆ ನೌಕರರೂ ಇದ್ದರು. ಅವಳ ಪರವಾಗಿ ಕಲ್ಕತ್ತಾ ಹೈಕೋರ್ಟಿಗೆ ಹೋದವರು ಅವಳ ಬಂಧುವಲ್ಲ, ಚಂದ್ರಿಮಾ ದಾಸ್ ಎಂಬ ವಕೀಲೆ. ಅವಳು ಪರದೇಶದವಳು, ಅವಳಿಗೆ ಮೂಲಭೂತ ಹಕ್ಕು ಎಲ್ಲಿಯದು ಎಂದು ರೈಲ್ವೆಯವರು ವಾದಿಸಿದರು. 2000ದ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. 21ನೇ ವಿಧಿ ಅವಳಿಗೂ ಸೇರಿದ್ದು ಎಂದು ಹೇಳಿ, 10 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಊರು ಯಾವುದು ಎಂದು ಕೇಳದೆ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಪರವಾಗಿ ನಿಂತದ್ದರಿಂದ ಬಂದ ತೀರ್ಪು ಅದು.

ಗಂಡನ ಮನೆಯಲ್ಲಿ ಬೀಗ ಹಾಕಿ ಕೂಡಿಟ್ಟ ಹೆಣ್ಣುಮಗಳನ್ನು ಬಿಡಿಸಲು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 97ನೇ ಕಲಂ ಬಳಸುತ್ತಿದ್ದುದು ನಿಮಗೆ ನೆನಪಿದೆ. ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 100ನೇ ಕಲಂ. ಮ್ಯಾಜಿಸ್ಟ್ರೇಟರು ವಾರಂಟ್ ಕೊಟ್ಟರೆ ಪೊಲೀಸರು ಹೋಗಿ ಬೀಗ ತೆಗೆಸುತ್ತಾರೆ. ಬೀಗ ಸರ್ಕಾರದ್ದೇ ಆದಾಗ ಆ ದಾರಿ ನಡೆಯುವುದಿಲ್ಲ, ಹೈಕೋರ್ಟಿಗೆ ಹೋಗಬೇಕು. ಸಂವಿಧಾನದ 226ನೇ ವಿಧಿಯ ಕೆಳಗೆ ಹೇಬಿಯಸ್ ಕಾರ್ಪಸ್ ಅರ್ಜಿ. ಹೆಸರು ಕೇಳಿ ಹೆದರಬೇಡಿ. 'ಆಳನ್ನು ನಮ್ಮ ಮುಂದೆ ತನ್ನಿ, ಯಾವ ಅಧಿಕಾರದಿಂದ ಇಟ್ಟುಕೊಂಡಿದ್ದೀರಿ ಹೇಳಿ' ಎಂದು ಕೋರ್ಟು ಕೇಳುವುದೇ ಅದು. ಒಳಗಿರುವವಳೇ ಅರ್ಜಿ ಹಾಕಬೇಕೆಂದಿಲ್ಲ, ಅವಳ ಪರವಾಗಿ ಬೇರೆಯವರು ಹಾಕಬಹುದು. ತಿಹಾರ್ ಜೈಲಿನ ಕೈದಿಯೊಬ್ಬ ಇನ್ನೊಬ್ಬ ಕೈದಿಗಾದ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ತೆಗೆದುಕೊಂಡು 1979ರಲ್ಲಿ ತೀರ್ಪು ಕೊಟ್ಟಿದೆ.

ಬಿಡಿ ಎಂದು ಕೇಳುವುದಷ್ಟೇ ಇದರಲ್ಲಿ ಇರುವುದಲ್ಲ. ದಿನಾಂಕಗಳನ್ನು ಕೇಳಬೇಕು. ರಾಯಭಾರ ಕಚೇರಿಗೆ ಯಾವ ದಿನ ಪತ್ರ ಬರೆದಿರಿ? ಜ್ಞಾಪನ ಯಾವ ದಿನ ಕಳಿಸಿದಿರಿ? ಉತ್ತರ ಬಂತೇ? ಇನ್ನೆಷ್ಟು ದಿನದಲ್ಲಿ ಕಳಿಸುತ್ತೀರಿ? ಕಳಿಸಲು ಸಾಧ್ಯವೇ ಇಲ್ಲವೆಂದಾದರೆ ಯಾವ ಕಾರಣಕ್ಕೆ ಇಟ್ಟುಕೊಂಡಿದ್ದೀರಿ? 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಸರ್ಕಾರವನ್ನೂ ಪಶ್ಚಿಮ ಬಂಗಾಳವನ್ನೂ ಕೇಳಿದ್ದು ಇಂಥ ಪ್ರಶ್ನೆಯನ್ನೇ: ಶಿಕ್ಷೆ ಮುಗಿದ ಬಾಂಗ್ಲಾದೇಶೀಯರನ್ನು ಲೆಕ್ಕವಿಲ್ಲದ ಕಾಲ ಯಾಕೆ ಇಟ್ಟಿದ್ದೀರಿ? ಪರಿಶೀಲನೆ ಮತ್ತು ಗಡೀಪಾರು 30 ದಿನದಲ್ಲಿ ಮುಗಿಯಬೇಕೆಂದು ಕೇಂದ್ರದ್ದೇ 2009ರ ಸುತ್ತೋಲೆ ಇದೆ ಎಂಬುದನ್ನೂ ಎತ್ತಿ ತೋರಿಸಿತು. ಮುಂದಿನ ತಿಂಗಳು ಅಸ್ಸಾಂ ಸರ್ಕಾರಕ್ಕೆ, ಇವರನ್ನು ಕಳಿಸಲು ಮುಹೂರ್ತಕ್ಕೆ ಕಾಯುತ್ತಿದ್ದೀರಾ ಎಂದು ನ್ಯಾಯಮೂರ್ತಿಗಳು ಕೇಳಿದರು.

ಅಸ್ಸಾಮಿನ ವಿಷಯದಲ್ಲಿ ಇನ್ನೆರಡು ಆದೇಶಗಳಿವೆ, ಬರೆದಿಟ್ಟುಕೊಳ್ಳಿ. 2019ರ ಮೇ ತಿಂಗಳಲ್ಲಿ, 3 ವರ್ಷಕ್ಕಿಂತ ಹೆಚ್ಚು ಕಾಲ ಒಳಗಿದ್ದವರನ್ನು ತಲಾ 1 ಲಕ್ಷದ ಇಬ್ಬರು ಜಾಮೀನುದಾರರ ಮೇಲೆ, ವಿಳಾಸ ಮತ್ತು ಬೆರಳಚ್ಚು ಪಡೆದು, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಮಾಡುವ ಷರತ್ತಿನ ಮೇಲೆ ಬಿಡಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಒಂದು ಲಕ್ಷದ ಜಾಮೀನುದಾರರನ್ನು ಕೂಲಿ ಮಾಡುವ ಹೆಂಗಸು ಎಲ್ಲಿಂದ ತರಬೇಕು? ಕೊರೋನಾ ಬಂದಾಗ, 2020ರ ಏಪ್ರಿಲ್ 13ರಂದು, ಆ 3 ವರ್ಷವನ್ನು 2 ವರ್ಷಕ್ಕೂ, 1 ಲಕ್ಷವನ್ನು 5 ಸಾವಿರಕ್ಕೂ ಇಳಿಸಿತು. ಇವು ಅಸ್ಸಾಮಿನವರಿಗಾಗಿ ಹೊರಟ ಆದೇಶಗಳು, ಕರ್ನಾಟಕಕ್ಕೆ ತಾವಾಗಿಯೇ ಅನ್ವಯಿಸುವುದಿಲ್ಲ. ಆದರೆ ನಮ್ಮ ಹೈಕೋರ್ಟಿನ ಮುಂದೆ ಇಟ್ಟು, ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು ಎಂದು ವಾದಿಸಲು ಅಡ್ಡಿಯಿಲ್ಲ.

ನಮ್ಮ ಹೈಕೋರ್ಟಿನ ತೀರ್ಪೂ ಒಂದಿದೆ. 2020ರ ಮೇ 19ರಂದು ನ್ಯಾಯಮೂರ್ತಿ ಕೆ. ಎನ್. ಫಣೀಂದ್ರ ಅವರು ಬಾಂಗ್ಲಾದೇಶದವರೆನ್ನಲಾದ ಕೆಲವರ ಜಾಮೀನು ಅರ್ಜಿಯ ಮೇಲೆ ಉದ್ದವಾದ ಆದೇಶ ಕೊಟ್ಟರು. ವಿದೇಶೀಯರ ಕೇಸುಗಳನ್ನು ಬೇಗ ಮುಗಿಸಬೇಕು ಎಂಬುದೂ ತಾಯಂದಿರ ಜೊತೆಗಿರುವ ಮಕ್ಕಳ ವಿಚಾರವೂ ಅದರಲ್ಲಿವೆ, ಅದು ಒಳ್ಳೆಯದೇ. ಆದರೆ ಪಾಸ್‌ಪೋರ್ಟು, ವೀಸಾ ಇಲ್ಲದವರಿಗೆ ಜಾಮೀನು ಸಿಕ್ಕರೂ ಅವರನ್ನು ಬಂಧನ ಕೇಂದ್ರದಲ್ಲೇ ಇಡಬೇಕು ಎಂಬುದೂ ಇದೆ. ಜೈಲಿನ ಬಾಗಿಲು ತೆರೆದು ಇನ್ನೊಂದು ಬೀಗದೊಳಗೆ ಕಳಿಸುವ ಜಾಮೀನು ಎಂಥ ಜಾಮೀನು ಎಂದು ನನಗಂತೂ ಅನ್ನಿಸುತ್ತದೆ. ಹಾಗಾಗಿ ಇಂಥ ಕೇಸಿನಲ್ಲಿ ಜಾಮೀನು ಸಿಕ್ಕಿತೆಂದು ಕೈತೊಳೆದುಕೊಂಡರೆ ಆಗದು. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ.

ಬೇರೆ ದೇಶಗಳೂ ಇದೇ ಪ್ರಶ್ನೆಯನ್ನು ಎದುರಿಸಿವೆ. ಇಂಗ್ಲೆಂಡಿನಲ್ಲಿ 1983ರಲ್ಲಿ ಅದು ಎದ್ದದ್ದೇ ನಮ್ಮ ದೇಶದವನೊಬ್ಬನಿಂದ. ಶಿಕ್ಷೆ ಮುಗಿಸಿಯೂ ಡರ್ಹಮ್ ಜೈಲಿನಲ್ಲಿ ಗಡೀಪಾರಿಗಾಗಿ ಕಾಯುತ್ತ ಕೂತಿದ್ದ ಭಾರತೀಯ ಅವನು. ಕಳಿಸುವ ಉದ್ದೇಶಕ್ಕಷ್ಟೇ, ಅದಕ್ಕೆ ಬೇಕಾದಷ್ಟು ಕಾಲವಷ್ಟೇ ಇಟ್ಟುಕೊಳ್ಳಬಹುದು ಎಂದು ಕೋರ್ಟು ಹೇಳಿತು. ಇಂದಿಗೂ ಅಲ್ಲಿ ಅದೇ ಅಳತೆಗೋಲು. ಅಮೆರಿಕದ ಸುಪ್ರೀಂ ಕೋರ್ಟು 2001ರಲ್ಲಿ, ಗಡೀಪಾರು ಆದೇಶವಾದವರನ್ನು ಇಟ್ಟುಕೊಳ್ಳಲು 6 ತಿಂಗಳು ಸಾಮಾನ್ಯವಾಗಿ ಸಾಕು, ಅದು ದಾಟಿ ಕಳಿಸುವ ಸೂಚನೆಯೂ ಇಲ್ಲವೆಂದರೆ ಸರ್ಕಾರ ಕಾರಣ ಕೊಡಬೇಕು ಎಂದಿತು. ನಮ್ಮ ಕಾಯ್ದೆಯಲ್ಲಿ ಇಂಥ ಗಡುವು ಬರೆದಿಲ್ಲ. ಬರೆಯಬೇಕೆಂದು ಒತ್ತಾಯಿಸುವುದು ಮಹಿಳಾ ಚಳುವಳಿಯ ಬೇಡಿಕೆಗಳಲ್ಲಿ ಸೇರಬೇಕು.

ಹೆಣ್ಣುಮಕ್ಕಳದ್ದೇ ಆದ ವಿಚಾರಕ್ಕೆ ಬರುತ್ತೇನೆ. ಒಳಗಿರುವ ಹೆಂಗಸು ತಾನಾಗಿ ಗಡಿ ದಾಟಿ ಬಂದಿರಬಹುದು, ಕೆಲಸ ಕೊಡಿಸುತ್ತೇನೆಂದೋ ಮದುವೆಯಾಗುತ್ತೇನೆಂದೋ ಯಾರೋ ಕರೆತಂದು ಮಾರಿರಬಹುದು. ಎರಡನೆಯದಾದರೆ ಅವಳು ಅಪರಾಧಿಯೇ ಅಲ್ಲ, ಅಪರಾಧಕ್ಕೆ ಈಡಾದವಳು. ಕೇಂದ್ರ ಗೃಹ ಸಚಿವಾಲಯ 2012ರ ಮೇ 1ರಂದು ರಾಜ್ಯಗಳಿಗೆ ಕಳಿಸಿದ ಸಲಹೆಯಲ್ಲಿ ಈ ಮಾತಿದೆ: ಸಾಗಣೆಗೆ ಬಲಿಯಾದ, ತನ್ನ ಇಚ್ಛೆಯಿಂದ ಬಂದಿಲ್ಲದ ವಿದೇಶಿ ಮಹಿಳೆಯ ಮೇಲೆ ವಿದೇಶೀಯರ ಕಾಯ್ದೆಯಡಿ ಆರೋಪಪಟ್ಟಿ ಹಾಕುವುದು ಬೇಡ, ಹಾಕಿದ್ದರೆ ಹಿಂತೆಗೆದುಕೊಳ್ಳಬಹುದು, ಅವಳನ್ನು ಆಶ್ರಯಧಾಮಕ್ಕೆ ಕಳಿಸಬೇಕು. ಅದು ಹಳೆಯ ಕಾಯ್ದೆಯ ಕಾಲದ ಸಲಹೆ, ಆದರೂ ಅದರ ತರ್ಕ ಹಳೆಯದಾಗಿಲ್ಲ. ಎಷ್ಟು ಠಾಣೆಗಳಲ್ಲಿ ಇದನ್ನು ಓದಿದ್ದಾರೋ! ಕಾಗದ ಕೇಳುವವರು ಬಹಳ, ನಿನ್ನನ್ನು ಯಾರು ಕರೆತಂದರು ಎಂದು ಕೇಳುವವರು ಕಡಿಮೆ. ಆದ್ದರಿಂದ ಅವಳನ್ನು ಭೇಟಿ ಮಾಡುವ ವಕೀಲರ ಜೊತೆ ಒಬ್ಬ ಹೆಂಗಸು, ಅವಳ ಭಾಷೆ ಬಲ್ಲ ಒಬ್ಬರು ಇರಬೇಕೆಂದು ಕೇಳಿ. ಅವಳಿಗೆ ಏನು ಬೇಕು ಎಂಬುದನ್ನೂ ಮೊದಲು ಕೇಳಿ. ಊರಿಗೆ ಹೋಗಬೇಕೆನ್ನುವವರೂ ಇರುತ್ತಾರೆ, ಅದೇ ಊರಿಗೆ ಹೋದರೆ ಮಾರಿದವನ ಕೈಗೇ ಸಿಗುತ್ತೇನೆಂದು ಹೆದರುವವರೂ ಇರುತ್ತಾರೆ.

ಇನ್ನೊಂದು ಬಗೆಯವರು, ನಮ್ಮವರನ್ನು ಮದುವೆಯಾಗಿ ಬಂದ ಪರದೇಶದ ಹೆಣ್ಣುಮಕ್ಕಳು. ವೀಸಾ ನವೀಕರಣ ಆಗಬೇಕಾದರೆ ಗಂಡನ ಸಹಿ, ಗಂಡನ ಪತ್ರ ಬೇಕಾಗುತ್ತದೆ. ಅವನು ಕೊಡದಿದ್ದರೆ ಅವಧಿ ಮುಗಿದ ಮರುದಿನ ಅವಳು ಅಪರಾಧಿ. 'ಬಾಯಿ ತೆರೆದರೆ ಪೊಲೀಸರಿಗೆ ಹಿಡಿದುಕೊಡುತ್ತೇನೆ' ಎಂಬುದು ಸೀಮೆಎಣ್ಣೆ ಡಬ್ಬ ತೋರಿಸುವುದಕ್ಕಿಂತ ಕಡಿಮೆ ಬೆದರಿಕೆಯಲ್ಲ. ಇವಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಸಿಗುತ್ತದೆ. ಆ ಕಾಯ್ದೆಯಲ್ಲಿ ಇರುವುದು 'ಯಾವುದೇ ಮಹಿಳೆ' ಎಂಬ ಮಾತು, ಭಾರತದ ಪ್ರಜೆ ಎಂದಲ್ಲ. ರಾಜಸ್ಥಾನ ಹೈಕೋರ್ಟು 2021ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ತಾತ್ಕಾಲಿಕವಾಗಿ ವಾಸವಾಗಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. 19ನೇ ಕಲಮಿನ ಕೆಳಗೆ ಸ್ತ್ರೀಧನ ಮಾತ್ರವಲ್ಲ, ಅವಳಿಗೆ ಸೇರಿದ ಬೇರೆ ಸ್ವತ್ತನ್ನೂ ಹಿಂದಿರುಗಿಸಲು ಆದೇಶ ಕೇಳಬಹುದು. ಒಡವೆಯ ಪಟ್ಟಿ ಬರೆಯುವಾಗ ಪಾಸ್‌ಪೋರ್ಟನ್ನೂ ಬರೆಯಿರಿ.

ನಮ್ಮೂರಿನಲ್ಲೇ ಹುಟ್ಟಿ ಬೆಳೆದವಳ ಕಾಗದಪತ್ರ ಎಷ್ಟು ಗಟ್ಟಿ? ಅಸ್ಸಾಮಿನ ರಾಷ್ಟ್ರೀಯ ಪೌರತ್ವ ನೋಂದಣಿಯಲ್ಲಿ 2019ರ ಆಗಸ್ಟ್ 31ರಂದು 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅಲ್ಲಿ ಹೆಣ್ಣುಮಕ್ಕಳಿಗೆ ಬಂದ ಕಷ್ಟವೇ ಬೇರೆ ಬಗೆಯದು. ಹುಟ್ಟಿದ ದಾಖಲೆ ಇಲ್ಲ, ಶಾಲೆಗೆ ಕಳಿಸಿಲ್ಲ, ಚಿಕ್ಕ ವಯಸ್ಸಿಗೇ ಮದುವೆ. ಮತದಾರರ ಪಟ್ಟಿಯಲ್ಲಿ ಹೆಸರು ಬರುವ ಹೊತ್ತಿಗೆ ಇಂಥವನ ಹೆಂಡತಿ ಎಂದಿರುತ್ತದೆ, ಇಂಥವರ ಮಗಳು ಎಂದು ಎಲ್ಲೂ ಇರುವುದಿಲ್ಲ. ತವರಿಗೂ ತನಗೂ ಇರುವ ಸಂಬಂಧಕ್ಕೆ ಅವರ ಬಳಿ ಇದ್ದದ್ದು ಪಂಚಾಯ್ತಿ ಕಾರ್ಯದರ್ಶಿ ಕೊಟ್ಟ ಒಂದು ಚೀಟಿ. ಅದು ನಡೆಯುವುದಿಲ್ಲವೆಂದು ಗುವಾಹಟಿ ಹೈಕೋರ್ಟು ಹೇಳಿತ್ತು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪರಿಶೀಲನೆ ಮಾಡಿ ಅದನ್ನು ಪೂರಕ ದಾಖಲೆಯಾಗಿ ಒಪ್ಪಬಹುದು ಎಂದಿತು. ಮಡಕಶಿರಾದಲ್ಲಿ ಹುಟ್ಟಿ ಪಾವಗಡಕ್ಕೆ ಬಂದ ಸೊಸೆ, ಶಿರಾದಲ್ಲಿ ಹುಟ್ಟಿ ಹಿಂದೂಪುರಕ್ಕೆ ಹೋದ ಮಗಳು, ಇವರ ದಾಖಲೆ ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತದೆ. ಹೆದರಿಸುತ್ತಿಲ್ಲ. ಮಗಳ ಜನನ ಪತ್ರ, ಶಾಲೆಯ ವರ್ಗಾವಣೆ ಪತ್ರ ತವರಿನ ಪೆಟ್ಟಿಗೆಯಲ್ಲೋ ಗಂಡನ ಬೀರುವಿನಲ್ಲೋ ಕೊಳೆಯಬಾರದು, ಒಂದು ಪ್ರತಿ ಅವಳ ಕೈಯಲ್ಲೇ ಇರಬೇಕು.

ಈಗ ಕೊಲ್ಲಿ ದೇಶಗಳ ಕಡೆಗೆ. ಕುವೈತಿನಲ್ಲಿ ಮನೆಗೆಲಸದವಳ ವೀಸಾ ಇರುವುದು ಮಾಲೀಕನ ಹೆಸರಿಗೆ ಅಂಟಿಕೊಂಡು. ಸಂಬಳ ಕೊಡದೆ, ಹೊಡೆದು, ಇನ್ನೇನೋ ಮಾಡಿ, ಅವಳು ತಾಳಲಾರದೆ ಹೊರಗೆ ಬಂದರೆ 'ಓಡಿಹೋದಳು' ಎಂದು ಅವನೇ ದೂರು ಕೊಡುತ್ತಾನೆ. ಆ ಒಂದು ದೂರಿನಿಂದ ಅವಳು ಹಿಡಿದು ಒಳಗೆ ಹಾಕಬೇಕಾದವಳಾಗುತ್ತಾಳೆ. ಹೊಡೆತ ತಿಂದು ತವರಿಗೆ ಬಂದ ಹೆಂಡತಿಯ ಮೇಲೆ, ಒಡವೆ ಕದ್ದು ಓಡಿಹೋದಳು ಎಂದು ಗಂಡ ಠಾಣೆಗೆ ಬರೆದುಕೊಡುವುದನ್ನು ನೀವೆಲ್ಲ ಕಂಡಿದ್ದೀರಿ. ಅದೇ ಜಾಣತನ. ಮನೆಗೆಲಸದವರ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ ಎಂದು ಕುವೈತಿನ 2015ರ ಕಾನೂನೇ ಹೇಳುತ್ತದೆ. ಕಾನೂನು ಇದ್ದಲ್ಲೆಲ್ಲ ಪಾಲನೆ ಇರುತ್ತದೆಯೇ!

ಅಲ್ಲಿ ಹಿಡಿಸಿಕೊಂಡವಳಿಗೆ ಏನು ಮಾಡಬಹುದು? ಬಂಧಿಸಲ್ಪಟ್ಟ ವಿದೇಶೀಯರು ಕೇಳಿದರೆ ಅವರ ರಾಯಭಾರ ಕಚೇರಿಗೆ ತಿಳಿಸಬೇಕು, ಆ ಕಚೇರಿಯವರು ಬಂದು ನೋಡಲು ಬಿಡಬೇಕು ಎಂದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಹೇಳುತ್ತದೆ. ಇಲ್ಲಿ ಮನೆಯವರು ಕೈಕಟ್ಟಿ ಕೂರಬೇಕಿಲ್ಲ. 2015ರಿಂದ ವಿದೇಶಾಂಗ ಸಚಿವಾಲಯದ 'ಮದದ್' ಎಂಬ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು, ನೋಂದಣಿ ಸಂಖ್ಯೆ ಸಿಗುತ್ತದೆ. ಕಂಪ್ಯೂಟರು ಬರದಿದ್ದರೆ ಪಿಯುಸಿ ಓದುವ ಮಗಳು ಮಾಡಿಕೊಡುತ್ತಾಳೆ. ಪಾಸ್‌ಪೋರ್ಟು ಇಲ್ಲದಿದ್ದರೆ ರಾಯಭಾರ ಕಚೇರಿ ತುರ್ತು ಪ್ರಯಾಣ ಪತ್ರ ಕೊಡಬಹುದು. ಟಿಕೆಟ್ಟಿಗೆ, ವಕೀಲರಿಗೆ ಹಣವಿಲ್ಲದವರಿಗಾಗಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ಅದರಿಂದ ಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ಆಗಾಗ ಕ್ಷಮಾದಾನದ ಅವಧಿಯೂ ಬರುತ್ತದೆ. ಕುವೈತಿನಲ್ಲಿ 2024ರ ಮಾರ್ಚಿನಿಂದ ಜೂನ್‌ವರೆಗೆ, ಯುಎಇಯಲ್ಲಿ ಅದೇ ವರ್ಷ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಇತ್ತು. ಅಂಥ ಸುದ್ದಿ ಬಂದಾಗ ಊರೂರಿಗೆ ತಲುಪಿಸುವುದು ನಮ್ಮ ಸಂಘಗಳ ಕೆಲಸ.

ಕಳಿಸಿದ ಏಜೆಂಟನನ್ನು ಬಿಡಬೇಡಿ. ನೋಂದಣಿ ಇಲ್ಲದೆ ಜನರನ್ನು ವಿದೇಶಕ್ಕೆ ಕೆಲಸಕ್ಕೆ ಕಳಿಸುವುದು 1983ರ ಎಮಿಗ್ರೇಷನ್ ಕಾಯ್ದೆಯ ಕೆಳಗೆ 2 ವರ್ಷದವರೆಗೆ ಸಜೆಯಾಗುವ ಅಪರಾಧ. ಕೇಂದ್ರದ ಅನುಮತಿ ಬಂದಿಲ್ಲವೆಂದು ಇಂಥ ಕೇಸುಗಳು ಮೂಲೆಗೆ ಬೀಳುವುದುಂಟು. ಆದರೆ ಹೋದವಳೇ ಅಥವಾ ಅವಳ ಪರವಾಗಿ ತಾಯಿ, ತಂದೆ, ಗಂಡ, ಮಕ್ಕಳು, ಒಡಹುಟ್ಟಿದವರು ದೂರು ಕೊಟ್ಟರೆ ಆ ಅನುಮತಿ ಬೇಕಾಗಿಲ್ಲ, 27ನೇ ಕಲಂ ನೋಡಿ. ಅವಳು ಹೊರಡುವ ಮೊದಲು ಪಾಸ್‌ಪೋರ್ಟಿನ, ವೀಸಾದ, ಕರಾರಿನ ಜೆರಾಕ್ಸ್ ಮನೆಯಲ್ಲಿರಬೇಕು.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಎಂದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಬಂಧನದಲ್ಲಿರುವವರಿಗೂ ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರು ಸಿಗುತ್ತಾರೆ. ಅಲ್ಲೂ ಪ್ರಜೆ ಎಂಬ ಮಾತಿಲ್ಲ. ನಾಲ್ಕೂ ತಾಲ್ಲೂಕುಗಳ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ, 15100 ದೂರವಾಣಿ ಇದೆ. ಸೊಂಡೆಕೊಪ್ಪದ ವಿಚಾರವಾದರೆ ಬೆಂಗಳೂರು ಗ್ರಾಮಾಂತರ ಜಿಲ್ಲಾ ಪ್ರಾಧಿಕಾರಕ್ಕೆ, ಹೈಕೋರ್ಟಿನ ಕಾನೂನು ಸೇವಾ ಸಮಿತಿಗೆ ಬರೆಯಬೇಕು.

ಅರ್ಜಿಯ ಒಕ್ಕಣೆ ಹೇಳುತ್ತೇನೆ, ಬರೆದುಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಅವಳ ಹೆಸರು, ವಯಸ್ಸು, ಅವಳು ಹೇಳುವ ಊರು. ಎಲ್ಲಿ, ಯಾವ ದಿನದಿಂದ ಇಟ್ಟಿದ್ದಾರೆ. ಕೇಸು ಇದೆಯೇ, ಶಿಕ್ಷೆ ಯಾವ ದಿನ ಮುಗಿಯಿತು. ಜೊತೆಗೆ ಮಕ್ಕಳಿದ್ದಾರೆಯೇ, ಬಸುರಿಯೇ, ಕಾಯಿಲೆಯೇ. ಅವಳಿಗೆ ಬಂಧನದ ಆದೇಶದ ಪ್ರತಿಯನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟಿದ್ದಾರೆಯೇ. ಅವಳ ದೇಶದ ರಾಯಭಾರ ಕಚೇರಿಗೆ ಪತ್ರ ಹೋದ ದಿನಾಂಕ ಯಾವುದು. ಯಾರಾದರೂ ಅವಳನ್ನು ಮೋಸದಿಂದ ಕರೆತಂದರೇ ಎಂದು ಮಹಿಳೆಯೊಬ್ಬರಿಂದ ವಿಚಾರಣೆ ಆಗಬೇಕು ಎಂಬ ಕೋರಿಕೆ. ವಕೀಲರನ್ನು ನೇಮಿಸಿ, ಭೇಟಿಗೆ ಅವಕಾಶ ಕೊಡಿಸಿ ಎಂಬ ಕೋರಿಕೆ. ಕೊನೆಯಲ್ಲಿ ನಿಮ್ಮ ಹೆಸರು, ವಿಳಾಸ, ಸಹಿ ಅಥವಾ ಹೆಬ್ಬೆಟ್ಟು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಂಡು ಇಟ್ಟುಕೊಳ್ಳಿ. ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಅದನ್ನೇ ಮೊದಲ ಕಾಗದವಾಗಿ ಲಗತ್ತಿಸಬೇಕಾಗುತ್ತದೆ.